ತುಟಿಯ ಗಂಟಿನಲ್ಲಿ ಲಾಡಿಹುಳುವಿನ ಮರಿ: ಬಯಾಪ್ಸಿ ವರದಿ ಬಂದ ಮೇಲೆ ಏನು ಮಾಡಬೇಕು?

ಹಾಸನದ ತಾಯಿ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ 11 ವರ್ಷ. ಅವಳ ಕೆಳತುಟಿಯ ಒಳಮಗ್ಗುಲಲ್ಲಿ ಒಂದು ಸೆಂಟಿಮೀಟರಿಗೆ ತುಸು ಕಡಿಮೆ ಅಳತೆಯ ಗಂಟೊಂದು ಕೆಲವು ತಿಂಗಳಿಂದ ಇತ್ತು. ನೋವಿರಲಿಲ್ಲ, ಮೇಲಿನ ಚರ್ಮದ ಬಣ್ಣ ಬದಲಾಗಿರಲಿಲ್ಲ, ಬೆರಳಿನಿಂದ ಒತ್ತಿದರೆ ಗಟ್ಟಿಯಾಗಿ ಅತ್ತಿತ್ತ ಸರಿಯುತ್ತಿತ್ತು. ತುಟಿ ಕಚ್ಚಿಕೊಂಡು ಜೊಲ್ಲುಗ್ರಂಥಿಯ ನಾಳಕ್ಕೆ ಪೆಟ್ಟಾಗಿ ಉಂಟಾದ ಮ್ಯೂಕೋಸೀಲ್ ಇರಬೇಕೆಂದು ದಂತವೈದ್ಯರು ಹೇಳಿ, ಆ ಜಾಗಕ್ಕಷ್ಟೇ ಅರಿವಳಿಕೆ ಕೊಟ್ಟು, ಗಂಟನ್ನು ಇಡಿಯಾಗಿ ತೆಗೆದು ಬಯಾಪ್ಸಿಗೆ ಕಳುಹಿಸಿದರು. ವರದಿಯಲ್ಲಿ ‘ಸಿಸ್ಟಿಸರ್ಕೋಸಿಸ್’ ಎಂದು ಬಂದಿದೆ. ಇದು ಹಂದಿಯ ಲಾಡಿಹುಳುವಿನ ಮರಿ ಎಂದು ಅವರು ವಿವರಿಸಿದರು.

ನಮ್ಮ ಮನೆಯಲ್ಲಿ ಮೊಟ್ಟೆಯನ್ನೂ ತಿನ್ನುವವರಿಲ್ಲ. ಹೀಗಿರುವಾಗ ವರದಿಯೇ ಅದಲುಬದಲಾಗಿರಬಹುದೆಂದು ನಮ್ಮ ಮಾವನವರು ವಾದಿಸುತ್ತಿದ್ದಾರೆ. ನನ್ನ ಮೈದುನನು ಔಷಧದ ಅಂಗಡಿಯಿಂದ ಜಂತುಹುಳುವಿನ ಮಾತ್ರೆ ತಂದು ಕೊಟ್ಟುಬಿಡೋಣ ಎನ್ನುತ್ತಾನೆ. ಗಂಟು ತೆಗೆದಾಗಿದೆ, ಗಾಯವೂ ಮಾಯುತ್ತಿದೆ. ಇಲ್ಲಿಗೆ ಮುಗಿಯಿತೆಂದು ತಿಳಿಯಬಹುದೇ, ಅಥವಾ ಇನ್ನೇನಾದರೂ ಮಾಡಿಸಬೇಕೇ? ತಿಳಿದವರು ದಯವಿಟ್ಟು ಹೇಳಬೇಕು.

ದವಡೆ ಶಸ್ತ್ರವೈದ್ಯ:

ಮೇಡಂ, ಮೊದಲಿಗೆ ಸಮಾಧಾನದ ಮಾತು. ಬಾಯಿಯೊಳಗಿನ ಒಂಟಿ ಗಂಟಿಗೆ ಸಂಬಂಧಿಸಿದಷ್ಟು ಮಟ್ಟಿಗೆ, ಅದನ್ನು ಪೂರ್ತಿಯಾಗಿ ತೆಗೆದದ್ದೇ ಚಿಕಿತ್ಸೆ. ಒಂದು ಗಂಟಿನೊಳಗೆ ಒಂದೇ ಮರಿ ಇರುತ್ತದೆ, ಅದು ಮನುಷ್ಯನ ಮಾಂಸಖಂಡದಲ್ಲಿ ಮರಿಹಾಕಿ ಹರಡುವುದಿಲ್ಲ, ತೆಗೆದ ಜಾಗದಲ್ಲಿ ಮತ್ತೆ ಬೆಳೆಯುವುದೂ ಇಲ್ಲ.

ನಿಮ್ಮ ದಂತವೈದ್ಯರು ಮ್ಯೂಕೋಸೀಲ್ ಎಂದುಕೊಂಡದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಮಕ್ಕಳ ಕೆಳತುಟಿಯಲ್ಲಿ ಕಾಣಿಸಿಕೊಳ್ಳುವ ನೋವಿಲ್ಲದ ಗಂಟುಗಳಲ್ಲಿ ಅದೇ ಬಹಳ ಸಾಮಾನ್ಯ. ಬಾಯಿಯ ಸಿಸ್ಟಿಸರ್ಕೋಸಿಸ್ ಹೆಚ್ಚಾಗಿ ನಾಲಿಗೆ, ತುಟಿ ಮತ್ತು ಕೆನ್ನೆಯ ಒಳಪದರದಲ್ಲಿ ಕಾಣಿಸುತ್ತದೆ. ನೋಡುವುದಕ್ಕೆ ಮ್ಯೂಕೋಸೀಲ್, ಫೈಬ್ರೋಮಾ ಎಂಬ ನಾರಿನ ಗಂಟು, ಕೊಬ್ಬಿನ ಗಂಟು, ಸಣ್ಣ ಜೊಲ್ಲುಗ್ರಂಥಿಗಳ ಗಡ್ಡೆ ಇವುಗಳಲ್ಲಿ ಯಾವುದನ್ನಾದರೂ ಹೋಲಬಹುದು. ಸುಳಿವುಗಳು ಇಲ್ಲವೆಂದಲ್ಲ. ಮ್ಯೂಕೋಸೀಲ್ ಸಾಮಾನ್ಯವಾಗಿ ಮೆತ್ತಗೆ, ತುಸು ನೀಲಿಯಾಗಿ ಇರುತ್ತದೆ, ಒಡೆದು ಬತ್ತಿ ಮತ್ತೆ ತುಂಬಿಕೊಳ್ಳುತ್ತದೆ. ನೀವು ಹೇಳಿದಂತೆ ಗಟ್ಟಿಯಾಗಿ, ಬಣ್ಣ ಬದಲಾಗದೆ, ತಿಂಗಳುಗಟ್ಟಲೆ ಒಂದೇ ಅಳತೆಯಲ್ಲಿ ಉಳಿದ ಗಂಟು ಸ್ವಲ್ಪ ಬೇರೆಯ ದಾರಿಯನ್ನು ತೋರಿಸುತ್ತದೆ. ಆದರೂ ಕಣ್ಣಳತೆಯಲ್ಲಿ ಖಚಿತವಾಗಿ ಹೇಳುವವರು ಯಾರೂ ಇಲ್ಲ. ಆ ಕಾರಣಕ್ಕಾಗಿಯೇ ಬಾಯಿಯಿಂದ ತೆಗೆದ ಯಾವ ಗಂಟನ್ನೂ, ಅದು ಎಷ್ಟೇ ನಿರುಪದ್ರವಿಯಾಗಿ ಕಂಡರೂ, ಕಸದ ಬುಟ್ಟಿಗೆ ಹಾಕಬಾರದೆಂದು ನಾವು ಹೇಳುತ್ತಿರುತ್ತೇವೆ. ನಿಮ್ಮ ವೈದ್ಯರು ಅದನ್ನು ಪ್ರಯೋಗಾಲಯಕ್ಕೆ ಕಳುಹಿಸಿದ್ದರಿಂದ ಈ ವಿಷಯ ಬೆಳಕಿಗೆ ಬಂತು.

ಇನ್ನು ನಿಮ್ಮ ನಿಜವಾದ ಪ್ರಶ್ನೆ. ತುಟಿಗೆ ಬಂದು ಸೇರಿದ ಮರಿಯು ರಕ್ತದ ಮೂಲಕ ಬಂದಿದೆ. ಅದೇ ರಕ್ತ ಮಿದುಳಿಗೂ ಕಣ್ಣಿಗೂ ಹರಿಯುತ್ತದೆ. ಆದ್ದರಿಂದ ಬೇರೆಡೆ ಗಂಟುಗಳಿಲ್ಲವೆಂದು ಖಾತ್ರಿ ಮಾಡಿಕೊಳ್ಳುವ ಕೆಲಸ ಬಾಕಿಯಿದೆ. ಅದಕ್ಕೆ ಮೊದಲು ಮಾತ್ರೆ ಬೇಡ. ಕಾರಣವನ್ನು ನರರೋಗದ ವೈದ್ಯರು ಯಾರಾದರೂ ನನಗಿಂತ ಚೆನ್ನಾಗಿ ಹೇಳಬಲ್ಲರು.

ಸೂಕ್ಷ್ಮದರ್ಶಕ:

ನಾನು ಪೆಥಾಲಜಿ ವಿಭಾಗದಲ್ಲಿ ಕೆಲಸ ಮಾಡುವವಳು. ವರದಿ ಅದಲುಬದಲಾಗಿರಬಹುದೆಂಬ ಮಾವನವರ ಸಂಶಯದ ಬಗ್ಗೆ ಒಂದೆರಡು ಮಾತು.

ಗಂಟನ್ನು ಕತ್ತರಿಸಿದಾಗ ಒಳಗೆ ತಿಳಿನೀರು ತುಂಬಿದ, ಅರೆಪಾರದರ್ಶಕವಾದ ತೆಳುಚೀಲವೊಂದು ಸಿಗುತ್ತದೆ. ಆ ಚೀಲದ ಗೋಡೆಗೆ ಒಂದು ಪಕ್ಕದಲ್ಲಿ ಅಂಟಿಕೊಂಡಂತೆ ಬಿಳಿಯ ಚುಕ್ಕೆಯೊಂದು ಕಾಣುತ್ತದೆ. ಒಳಮುಖವಾಗಿ ಮಡಿಚಿಕೊಂಡ ಹುಳುವಿನ ತಲೆ ಅದು. ಅದನ್ನು ತೆಳುವಾಗಿ ಸೀಳಿ, ಬಣ್ಣ ಕೊಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ನಾಲ್ಕು ಹೀರುಬಟ್ಟಲುಗಳೂ, ಎರಡು ಸಾಲಿನಲ್ಲಿ ಜೋಡಿಸಿದಂತಿರುವ ಕೊಕ್ಕೆಗಳೂ ಕಾಣಿಸಿಕೊಳ್ಳುತ್ತವೆ. ಕೊಕ್ಕೆಗಳ ಸಂಖ್ಯೆ 22ರಿಂದ 32. ಚೀಲದ ಹೊರಪದರ ಗುಲಾಬಿ ಬಣ್ಣ ಹಿಡಿದು ಅಲೆಅಲೆಯಾಗಿರುತ್ತದೆ. ಅದರ ಸುತ್ತ ನಮ್ಮ ದೇಹ ಕಟ್ಟಿದ ನಾರಿನ ಕೋಶವಿದ್ದು, ಅದರಲ್ಲಿ ಇಯೋಸಿನೋಫಿಲ್ ಎಂಬ ಬಿಳಿ ರಕ್ತಕಣಗಳು ಧಾರಾಳವಾಗಿರುತ್ತವೆ. ಬಾಯಿಯಲ್ಲಿ ಬೆಳೆಯುವ ಬೇರೆ ಯಾವ ಗಂಟಿನಲ್ಲಿಯೂ ಈ ಚಿತ್ರ ಸಿಗುವುದಿಲ್ಲ. ವರದಿಯಲ್ಲಿ ‘ಸ್ಕೋಲೆಕ್ಸ್’, ಅಂದರೆ ಹುಳುವಿನ ತಲೆ, ಎಂಬ ಪದ ಇದೆಯೇ ಎಂದು ನೋಡಿ. ಇದ್ದರೆ ರೋಗನಿರ್ಣಯದಲ್ಲಿ ಸಂಶಯಕ್ಕೆ ಎಡೆಯೇ ಇಲ್ಲ. ಇಲ್ಲದಿದ್ದರೆ ಅದು ತಪ್ಪು ವರದಿಯೆಂದು ಅರ್ಥವಲ್ಲ. ಹುಳು ಸತ್ತು ಕರಗತೊಡಗಿದ್ದರೆ ತಲೆ ಸಿಗದೇ ಹೋಗಬಹುದು, ಅಥವಾ ಸೀಳು ಅದರ ಮೂಲಕ ಹಾದುಹೋಗಿರಲಿಕ್ಕಿಲ್ಲ. ಅಂಥ ಸಂದರ್ಭದಲ್ಲಿ ಇನ್ನಷ್ಟು ಆಳದ ಸೀಳುಗಳನ್ನು ತೆಗೆದು ನೋಡುವಂತೆ ಕೇಳಬಹುದು.

ಅಂಗಡಿಯ ಕಟ್ಟೆ:

ನಾನು ಔಷಧದ ಅಂಗಡಿ ನಡೆಸುವವನು. ಶಾಲೆಗಳಲ್ಲಿ ವರ್ಷಕ್ಕೆ ಎರಡು ಬಾರಿ ಎಲ್ಲ ಮಕ್ಕಳಿಗೂ ಜಂತುಹುಳುವಿನ ಮಾತ್ರೆಯಾದ ಅಲ್ಬೆಂಡಜೋಲ್ ಕೊಡುತ್ತಾರೆ. ಯಾವ ಸ್ಕ್ಯಾನೂ ಇಲ್ಲದೆ, ಯಾವ ರಕ್ತಪರೀಕ್ಷೆಯೂ ಇಲ್ಲದೆ ಕೋಟ್ಯಂತರ ಮಕ್ಕಳು ಅದನ್ನು ಚೀಪಿ ನುಂಗುತ್ತಾರೆ. ಹಾಗಿರುವಾಗ ಈ ಮಗುವಿಗೆ ಅದೇ ಮಾತ್ರೆ ಕೊಡಲು ಇಷ್ಟು ಹಿಂಜರಿಕೆ ಏಕೆ? ಸಾವಿರಾರು ರೂಪಾಯಿಯ ಎಂಆರ್‌ಐ ಬರೆಯುವುದಕ್ಕೆ ಇದೊಂದು ನೆಪವೆಂದು ಜನ ತಿಳಿದರೆ ತಪ್ಪೇನು?

ನರರೋಗ ವೈದ್ಯೆ:

ಪ್ರಶ್ನೆ ನ್ಯಾಯವಾದದ್ದೇ. ಆದ್ದರಿಂದ ಉತ್ತರವನ್ನು ಸ್ವಲ್ಪ ವಿಸ್ತಾರವಾಗಿ ಕೊಡುತ್ತೇನೆ.

ರಾಷ್ಟ್ರೀಯ ಜಂತುಹುಳು ನಿವಾರಣಾ ದಿನದಂದು 2015ರಿಂದ ಶಾಲೆ ಮತ್ತು ಅಂಗನವಾಡಿಗಳಲ್ಲಿ ಕೊಡುತ್ತಿರುವುದು 400 ಮಿಲಿಗ್ರಾಂನ ಒಂದೇ ಒಂದು ಮಾತ್ರೆ. ಒಂದರಿಂದ ಎರಡು ವರ್ಷದ ಕೂಸುಗಳಿಗೆ ಅದರಲ್ಲಿ ಅರ್ಧ. ಅದರ ಗುರಿ ಕರುಳಿನಲ್ಲಿರುವ ದುಂಡುಹುಳು, ಕೊಕ್ಕೆಹುಳುಗಳು. ಮಾಂಸಖಂಡದಲ್ಲಿಯೋ ಮಿದುಳಿನಲ್ಲಿಯೋ ಕೋಶ ಕಟ್ಟಿಕೊಂಡು ಕುಳಿತ ಲಾಡಿಹುಳುವಿನ ಮರಿಯನ್ನು ಕೊಲ್ಲಬೇಕಾದರೆ ದೇಹತೂಕದ ಪ್ರತಿ ಕಿಲೋಗ್ರಾಂಗೆ ದಿನವೊಂದಕ್ಕೆ 15 ಮಿಲಿಗ್ರಾಂನಂತೆ, ಎರಡು ಹೊತ್ತಿಗೆ ಹಂಚಿ, ಮಿದುಳಿನಲ್ಲಿ ಒಂದೆರಡು ಗಂಟುಗಳಿದ್ದರೆ 10ರಿಂದ 14 ದಿನ, ಮಾಂಸಖಂಡದ ಗಂಟುಗಳಿಗೆ ಸಾಮಾನ್ಯವಾಗಿ ಮೂರು ನಾಲ್ಕು ವಾರ ಕೊಡಬೇಕಾಗುತ್ತದೆ. ಔಷಧ ಒಂದೇ ಆದರೂ ಚಿಕಿತ್ಸೆ ಒಂದೇ ಅಲ್ಲ.

ಅಪಾಯ ಎಲ್ಲಿದೆಯೆಂದರೆ, ಬದುಕಿರುವ ಮರಿ ನಮ್ಮ ದೇಹದ ರಕ್ಷಣಾವ್ಯವಸ್ಥೆಯನ್ನು ಅಡಗಿಸಿಟ್ಟುಕೊಂಡು ಸುಮ್ಮನಿರುತ್ತದೆ. ಅನೇಕರಲ್ಲಿ ಅದು ವರ್ಷಗಟ್ಟಲೆ ಯಾವ ತೊಂದರೆಯನ್ನೂ ಕೊಡುವುದಿಲ್ಲ. ಅದು ಸಾಯತೊಡಗಿದಾಗಲೇ ಒಳಗಿನ ದ್ರವ್ಯ ಹೊರಸೂಸಿ, ಸುತ್ತಲಿನ ಅಂಗಾಂಶ ಊದಿಕೊಳ್ಳುತ್ತದೆ. ಕೆನ್ನೆಯಲ್ಲಿ ಹೀಗಾದರೆ ಬಾವು ಮತ್ತು ನೋವು. ಮಿದುಳಿನಲ್ಲಿ ಹೀಗಾದರೆ ಮೂರ್ಛೆ. ಅನೇಕ ಗಂಟುಗಳಿದ್ದು ಒಮ್ಮೆಲೇ ಎಲ್ಲವೂ ಸತ್ತರೆ ತಲೆಬುರುಡೆಯೊಳಗಿನ ಒತ್ತಡ ಏರಿ ಪ್ರಾಣಕ್ಕೇ ಸಂಚಕಾರ ಬರಬಹುದು. ಕಣ್ಣಿನೊಳಗೆ ಒಂದೇ ಒಂದು ಮರಿಯಿದ್ದು ಅದು ಮಾತ್ರೆಯಿಂದ ಸತ್ತರೂ ದೃಷ್ಟಿ ಹೋಗಬಹುದು. ಅಮೆರಿಕದ ಸೋಂಕುರೋಗ ತಜ್ಞರ ಸಂಘ ಮತ್ತು ಉಷ್ಣವಲಯ ವೈದ್ಯಕೀಯ ಸಂಘ 2018ರಲ್ಲಿ ಜಂಟಿಯಾಗಿ ಹೊರತಂದ ಮಾರ್ಗಸೂಚಿಯು ಮಿದುಳಿನ ಸಿಸ್ಟಿಸರ್ಕೋಸಿಸ್‌ಗೆ ಮಾತ್ರೆ ಆರಂಭಿಸುವ ಮೊದಲು ಕಣ್ಣಿನ ಹಿಂಪರದೆಯ ಪರೀಕ್ಷೆಯನ್ನು ಕಡ್ಡಾಯವೆಂಬಂತೆ ಸೂಚಿಸಿರುವುದು ಈ ಕಾರಣಕ್ಕೇ. ಔಷಧದ ಜೊತೆಗೆ ಸ್ಟೀರಾಯ್ಡ್ ಕೊಡುವುದೂ ಈ ಊತವನ್ನು ಹತ್ತಿಕ್ಕಲು.

ಶಾಲೆಯ ಮಾತ್ರೆ ನುಂಗಿದ ಸಾವಿರಾರು ಮಕ್ಕಳಲ್ಲಿ ಯಾರ ದೇಹದಲ್ಲಿ ಈ ಮರಿ ಇದೆಯೆಂಬುದು ನಮಗೆ ಗೊತ್ತಿರುವುದಿಲ್ಲ, ಅಂಥವರ ಪ್ರಮಾಣವೂ ತೀರ ಕಡಿಮೆ. ಇಲ್ಲಿ ಹಾಗಲ್ಲ. ಈ ಹುಡುಗಿಯ ದೇಹವನ್ನು ಮರಿಯೊಂದು ಹೊಕ್ಕಿತ್ತೆಂಬುದು ಸೂಕ್ಷ್ಮದರ್ಶಕದಲ್ಲಿ ಸಾಬೀತಾಗಿದೆ. ಗೊತ್ತಿದ್ದೂ ನೋಡದೆ ಮಾತ್ರೆ ಕೊಡುವುದು ಬೇರೆಯೇ ಮಾತು.

ಖರ್ಚಿನ ಬಗ್ಗೆಯೂ ಹೇಳಬೇಕು. ಕಣ್ಣಿನ ಪರೀಕ್ಷೆಗೆ ಹೆಚ್ಚು ಹಣ ಬೇಕಾಗುವುದಿಲ್ಲ. ಮೈಯಲ್ಲೆಲ್ಲ ಕೈಯಾಡಿಸಿ ಚರ್ಮದಡಿಯ ಗಂಟುಗಳನ್ನು ಹುಡುಕುವುದಕ್ಕೆ ಖರ್ಚೇ ಇಲ್ಲ. ಮಗುವಿಗೆ ಎಂದಾದರೂ ಮೂರ್ಛೆ ಬಂದಿತ್ತೇ, ನಿದ್ದೆಯಲ್ಲಿ ಕೈಕಾಲು ಅದುರಿತ್ತೇ, ಬೆಳಗಿನ ಹೊತ್ತು ತಲೆನೋವು ವಾಂತಿಗಳಿದ್ದವೇ ಎಂದು ಕೇಳಿ ತಿಳಿಯಬೇಕು. ಇವಾದ ಮೇಲೆ ಒಂದು ಬಾರಿ ಮಿದುಳಿನ ಎಂಆರ್‌ಐ ಮಾಡಿಸುವುದು ನನ್ನ ಸಲಹೆ. ಸುಣ್ಣಗಟ್ಟಿದ ಹಳೆಯ ಗಂಟುಗಳು ಸಿಟಿ ಸ್ಕ್ಯಾನಿನಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣುವುದು ನಿಜವಾದರೂ, ಲಕ್ಷಣಗಳಿಲ್ಲದ ಮಗುವಿಗೆ ವಿಕಿರಣವಿಲ್ಲದ ಎಂಆರ್‌ಐಯಿಂದ ಆರಂಭಿಸುವುದನ್ನು ನಾನು ಇಷ್ಟಪಡುತ್ತೇನೆ. ಎಲ್ಲವೂ ಸ್ವಚ್ಛವಾಗಿದ್ದರೆ ಮಾತ್ರೆಯೇ ಬೇಕಾಗಲಿಕ್ಕಿಲ್ಲ, ಮೂರ್ಛೆ ತಡೆಯುವ ಔಷಧವಂತೂ ಬೇಡವೇ ಬೇಡ.

ನಮ್ಮ ದೇಶದಲ್ಲಿ ಈ ರೋಗವನ್ನು ಗುರುತಿಸುವುದಕ್ಕೇ ಬಹಳ ಕಾಲ ಹಿಡಿಯಿತು ಎಂಬುದನ್ನೂ ನೆನಪಿಸುತ್ತೇನೆ. ಮೂರ್ಛೆಯೊಂದಿಗೆ ಬಂದವರ ಸಿಟಿ ಸ್ಕ್ಯಾನಿನಲ್ಲಿ ಕಾಣುತ್ತಿದ್ದ ಒಂಟಿ ಸಣ್ಣ ಗಂಟುಗಳನ್ನು ಕ್ಷಯದ ಗಂಟುಗಳೆಂದು ಭಾವಿಸಿ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ಕೊಡುತ್ತಿದ್ದ ಕಾಲವೊಂದಿತ್ತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಶಸ್ತ್ರವೈದ್ಯರು ಅಂಥ ಗಂಟುಗಳನ್ನು ತೆಗೆದು ಪರೀಕ್ಷಿಸಿ, ಅವುಗಳಲ್ಲಿ ಬಹುಪಾಲು ಸಿಸ್ಟಿಸರ್ಕಸ್, ಅಂದರೆ ಇದೇ ಲಾಡಿಹುಳುವಿನ ಮರಿ, ಎಂದು 1989ರಲ್ಲಿ ಪ್ರಕಟಿಸಿದ ಮೇಲೆ ಈ ರೂಢಿ ಬದಲಾಯಿತು.

ಅಂಗಡಿಯ ಕಟ್ಟೆ:

ವಿವರಣೆಗೆ ಧನ್ಯವಾದ, ಮೇಡಂ. ನನ್ನ ಅಂಗಡಿಗೆ ಚೀಟಿಯಿಲ್ಲದೆ ಬಂದು ತಿಂಗಳಿಗಾಗುವಷ್ಟು ಅಲ್ಬೆಂಡಜೋಲ್ ಕೇಳುವವರಿಗೆ ಈ ಪುಟವನ್ನು ತೋರಿಸುತ್ತೇನೆ. ಇನ್ನೊಂದು ಸಂದೇಹ. ಇಷ್ಟು ದಿನ ಕೊಡುವುದಾದರೆ ಊಟಕ್ಕೆ ಮೊದಲೋ ನಂತರವೋ?

ನರರೋಗ ವೈದ್ಯೆ:

ಊಟದ ಜೊತೆಗೆ, ಅದರಲ್ಲಿಯೂ ಸ್ವಲ್ಪ ಜಿಡ್ಡಿನ ಅಂಶವಿರುವ ಊಟದ ಜೊತೆಗೆ. ಬರಿಹೊಟ್ಟೆಯಲ್ಲಿ ನುಂಗಿದರೆ ರಕ್ತಕ್ಕೆ ಸೇರುವುದು ಬಹಳ ಕಡಿಮೆ. ದೀರ್ಘಕಾಲ ಕೊಡುವಾಗ ಯಕೃತ್ತಿನ ಪರೀಕ್ಷೆ ಮತ್ತು ರಕ್ತಕಣಗಳ ಎಣಿಕೆಯನ್ನು ಆರಂಭದಲ್ಲಿಯೂ, ಎರಡು ವಾರಕ್ಕೊಮ್ಮೆಯೂ ಮಾಡಿಸಬೇಕು. ಗರ್ಭಿಣಿಯರಿಗೆ ಕೊಡುವಂತಿಲ್ಲ.

ಹಾಸನದ ತಾಯಿ:

ವರದಿಯನ್ನು ಮತ್ತೆ ಓದಿದೆ. ‘ಸ್ಕೋಲೆಕ್ಸ್’ ಎಂಬ ಪದ ಸ್ಪಷ್ಟವಾಗಿದೆ. ನರರೋಗ ತಜ್ಞರ ಬಳಿ ಸಮಯ ತೆಗೆದುಕೊಂಡಿದ್ದೇವೆ. ಆದರೆ ಹಂದಿಯ ಹುಳು ಸಸ್ಯಾಹಾರಿಗಳ ಮನೆಗೆ ಹೇಗೆ ಬಂತೆಂಬುದು ಇನ್ನೂ ಅರ್ಥವಾಗಿಲ್ಲ. ಮಗಳು ಹೊರಗೆ ಏನಾದರೂ ತಿಂದಿರಬೇಕೆಂದು ಮನೆಯಲ್ಲಿ ಅವಳನ್ನೇ ವಿಚಾರಣೆ ಮಾಡುತ್ತಿದ್ದಾರೆ. ಅವಳು ಅಳುತ್ತಾಳೆ.

ಕುರಿಹಟ್ಟಿ ಪಶುವೈದ್ಯ:

ಮೇಡಂ, ಮೊದಲು ಆ ವಿಚಾರಣೆಯನ್ನು ನಿಲ್ಲಿಸಿ. ಮಾಂಸ ತಿಂದದ್ದರಿಂದ ಈ ಗಂಟು ಬರುವುದೇ ಇಲ್ಲ.

ಈ ಹುಳುವಿನ ಬದುಕಿನಲ್ಲಿ ಎರಡು ಬೇರೆ ಬೇರೆ ದಾರಿಗಳಿವೆ. ಮರಿಗಳಿರುವ ಹಂದಿಮಾಂಸವನ್ನು ಸರಿಯಾಗಿ ಬೇಯಿಸದೆ ತಿಂದವನ ಕರುಳಿನಲ್ಲಿ ಮೀಟರುಗಟ್ಟಲೆ ಉದ್ದದ ಲಾಡಿಹುಳು ಬೆಳೆಯುತ್ತದೆ. ಅವನಿಗೆ ಅದರಿಂದ ದೊಡ್ಡ ತೊಂದರೆಯೇನೂ ಆಗದಿರಬಹುದು. ಆ ಹುಳುವಿನ ತುಂಡುಗಳು ಮಲದ ಜೊತೆಗೆ ಹೊರಬೀಳುತ್ತವೆ. ಮೊಟ್ಟೆ ತುಂಬಿದ ಒಂದೊಂದು ತುಂಡಿನಲ್ಲಿ 50 ಸಾವಿರದಷ್ಟು ಮೊಟ್ಟೆಗಳಿರುತ್ತವೆ. ಆ ಮೊಟ್ಟೆಗಳನ್ನು ಹಂದಿ ತಿಂದರೆ ಹಂದಿಯ ಮಾಂಸದಲ್ಲಿ ಗಂಟಾಗುತ್ತದೆ. ಮನುಷ್ಯ ನುಂಗಿದರೆ ಮನುಷ್ಯನ ಮಾಂಸದಲ್ಲಿ ಗಂಟಾಗುತ್ತದೆ. ಎಂದರೆ ನಿಮ್ಮ ಮಗಳು ನುಂಗಿದ್ದು ಮೊಟ್ಟೆಯನ್ನು. ಅದು ಯಾರೋ ಲಾಡಿಹುಳು ಹೊತ್ತವರ ತೊಳೆಯದ ಕೈಯಿಂದ ಬಂದಿರಬಹುದು, ಚರಂಡಿ ನೀರು ಹಾಯಿಸಿ ಬೆಳೆದ ಸೊಪ್ಪನ್ನೋ ಕ್ಯಾರೆಟ್ಟನ್ನೋ ಹಸಿಯಾಗಿ ತಿಂದಾಗ ಬಂದಿರಬಹುದು, ಬಯಲು ಶೌಚದ ಜಾಗದ ಪಕ್ಕದ ನೀರಿನಿಂದಲೂ ಬಂದಿರಬಹುದು. ಕೋಸಂಬರಿಗೆ ಹೆಚ್ಚುವ ಹಸಿ ಸೊಪ್ಪು ತರಕಾರಿಗಳಿಗೆ ಸಸ್ಯಾಹಾರವೆಂಬ ಕಾರಣಕ್ಕೆ ರಿಯಾಯಿತಿ ಸಿಗುವುದಿಲ್ಲ.

ಇದಕ್ಕೆ ಬಹಳ ಪ್ರಸಿದ್ಧವಾದ ಉದಾಹರಣೆಯೊಂದು ನ್ಯೂಯಾರ್ಕಿನದು. ಧರ್ಮದ ಕಟ್ಟಳೆಯಂತೆ ಹಂದಿಮಾಂಸವನ್ನು ಮುಟ್ಟದ ಸಂಪ್ರದಾಯಸ್ಥ ಯಹೂದಿ ಸಮುದಾಯದ ನಾಲ್ವರಲ್ಲಿ ಮಿದುಳಿನ ಸಿಸ್ಟಿಸರ್ಕೋಸಿಸ್ ಕಾಣಿಸಿಕೊಂಡದ್ದು 1992ರಲ್ಲಿ ವರದಿಯಾಯಿತು. ಹುಡುಕುತ್ತ ಹೋದಾಗ ಅಂಥ ಮನೆಗಳ ಕೆಲಸದವರಲ್ಲಿ ಲಾಡಿಹುಳುವಿನ ಸೋಂಕು ಪತ್ತೆಯಾಯಿತು. ಇದನ್ನು ಓದಿ ಯಾರೂ ಮನೆಗೆಲಸದವರ ಮೇಲೆ ಗೂಬೆ ಕೂರಿಸಬೇಡಿ. ಲಾಡಿಹುಳು ಮನೆಯ ಯಜಮಾನನ ಕರುಳಿನಲ್ಲಿಯೂ ಇರಬಹುದು, ಹೋಟೆಲಿನ ಅಡುಗೆಯವರಲ್ಲಿಯೂ ಇರಬಹುದು. ಮಾಡಬೇಕಾದದ್ದು ಇಷ್ಟೇ. ಮನೆಯಲ್ಲಿ ಇರುವವರು, ಅಡುಗೆ ಮಾಡುವವರು ಎಲ್ಲರೂ ಮೂರು ಬೇರೆ ಬೇರೆ ದಿನಗಳ ಮಲಪರೀಕ್ಷೆ ಮಾಡಿಸಬೇಕು, ಏಕೆಂದರೆ ಮೊಟ್ಟೆಗಳು ಪ್ರತಿದಿನ ಬೀಳುವುದಿಲ್ಲ. ಸಿಕ್ಕಿದರೆ ಗುಣಪಡಿಸುವುದು ಸುಲಭ.

ನಮ್ಮ ವೃತ್ತಿಯ ಒಂದು ಸಂಗತಿ ಈ ಚರ್ಚೆಗೆ ಹೊಂದುತ್ತದೆ. ಹಂದಿ ಕೊಳ್ಳುವ ಅನುಭವಿ ವ್ಯಾಪಾರಿಗಳು ಅದನ್ನು ಮಗ್ಗುಲಿಗೆ ಕೆಡವಿ, ಬಾಯಿಗೆ ಕೋಲು ಕೊಟ್ಟು, ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಹೊರಗೆಳೆದು, ಅದರ ಅಡಿಭಾಗದ ಮೇಲೆ ಹೆಬ್ಬೆರಳನ್ನು ಬುಡದಿಂದ ತುದಿಯವರೆಗೆ ಸರಿಸುತ್ತಾರೆ. ಗಂಟು ತಗುಲಿದರೆ ಬೆಲೆ ಅರ್ಧಕ್ಕೆ ಇಳಿಯುತ್ತದೆ, ಇಲ್ಲವೇ ವ್ಯಾಪಾರವೇ ಮುರಿಯುತ್ತದೆ. ಪ್ರಾಚೀನ ಗ್ರೀಸಿನವರಿಗೂ ಈ ಪರೀಕ್ಷೆ ಗೊತ್ತಿತ್ತು. ಗಂಟು ತಗುಲಿದರೆ ರೋಗವಿರುವುದು ಬಹುತೇಕ ಖಚಿತ. ತಗುಲದಿದ್ದರೆ ರೋಗವಿಲ್ಲವೆಂದು ಹೇಳಲಾಗದು. ಕಸಾಯಿಖಾನೆಯ ತಪಾಸಣೆಯಲ್ಲಿಯೂ ನಾವು ಮೊದಲು ಕೊಯ್ದು ನೋಡುವುದು ನಾಲಿಗೆ, ಅಗಿಯುವ ಸ್ನಾಯು ಮತ್ತು ಹೃದಯವನ್ನೇ. ಮನುಷ್ಯನ ಬಾಯಿಯಲ್ಲಿ ಇದೇ ಗಂಟು ಅಪರೂಪವೆನ್ನಿಸಿಕೊಂಡಿರುವುದರಲ್ಲಿ, ನಾವು ಯಾರ ನಾಲಿಗೆಯನ್ನೂ ಹಾಗೆ ಎಳೆದು ತಡವಿ ನೋಡುವುದಿಲ್ಲ ಎಂಬುದರ ಪಾಲೂ ಇದ್ದೀತು.

ಮರಿಗೂ ಲಾಡಿಹುಳುವಿಗೂ ಇರುವ ಸಂಬಂಧವನ್ನು ಜರ್ಮನಿಯ ಕ್ಯೂಖೆನ್‌ಮೈಸ್ಟರ್ ಎಂಬ ವೈದ್ಯನು 1855ರಲ್ಲಿ ಸಾಬೀತುಪಡಿಸಿದ್ದು ಹೇಗೆಂದರೆ, ಮರಣದಂಡನೆಗೆ ಗುರಿಯಾಗಿದ್ದ ಕೈದಿಯೊಬ್ಬನ ಊಟದಲ್ಲಿ ಅವನಿಗೆ ತಿಳಿಯದಂತೆ ಮರಿಗಳನ್ನು ಬೆರೆಸಿ, ದಂಡನೆ ಜಾರಿಯಾದ ಮೇಲೆ ಅವನ ಕರುಳನ್ನು ಬಿಚ್ಚಿ ನೋಡಿ. ಜ್ಞಾನವೇನೋ ಬಂತು, ಬಂದ ದಾರಿ ಹೇಸಿಗೆಯದು.

ಮಡಿಕೇರಿಯವನು:

ಹಂದಿಮಾಂಸದ ಮಾತು ಬಂದಾಗಲೆಲ್ಲ ನಮ್ಮ ಕಡೆಯವರನ್ನು ನೋಡುವ ನೋಟವೇ ಬೇರೆಯಾಗುತ್ತದೆ. ಪಂದಿಕರಿಯನ್ನು ಬಿಟ್ಟುಬಿಡಬೇಕೇ?

ಕುರಿಹಟ್ಟಿ ಪಶುವೈದ್ಯ:

ಬೇಡ. ಪಂದಿಕರಿಯ ಮಾಂಸ ಕುದಿಯುವಷ್ಟು ಹೊತ್ತು ಯಾವ ಮರಿಯೂ ಬದುಕಿ ಉಳಿಯುವುದಿಲ್ಲ. ಇಡಿ ತುಂಡುಗಳ ಒಳಭಾಗ 63 ಡಿಗ್ರಿ ಸೆಲ್ಸಿಯಸ್ ತಲುಪಿ ಮೂರು ನಿಮಿಷ ಹಾಗೆಯೇ ಇದ್ದರೆ, ಖೀಮಾ ಆದರೆ 71 ಡಿಗ್ರಿ ಮುಟ್ಟಿದರೆ ಸಾಕು. ಫ್ರೀಜರಿನಲ್ಲಿ ಮೈನಸ್ 5 ಡಿಗ್ರಿಯಲ್ಲಿ ನಾಲ್ಕು ದಿನ ಅಥವಾ ಮೈನಸ್ 15 ಡಿಗ್ರಿಯಲ್ಲಿ ಮೂರು ದಿನ ಇಟ್ಟರೂ ಸಾಯುತ್ತವೆ. ಎಚ್ಚರ ಬೇಕಿರುವುದು ಕೆಂಡದ ಮೇಲೆ ಅರೆಬರೆ ಸುಟ್ಟ ತುಂಡುಗಳಲ್ಲಿ, ಮತ್ತು ಊರ ಹೊರಗೆ ಬೀದಿಯಲ್ಲಿ ಬಿಟ್ಟು ಸಾಕಿದ ಹಂದಿಯ ಮಾಂಸದಲ್ಲಿ. ಗೂಡಿನಲ್ಲಿ ಕಟ್ಟಿ, ಮೇವು ಹಾಕಿ ಸಾಕಿದ ಹಂದಿಗೆ ಮನುಷ್ಯನ ಮಲ ಸಿಗುವುದಿಲ್ಲವಾದ್ದರಿಂದ ರೋಗವೂ ಸಿಗುವುದಿಲ್ಲ.

ಬಳ್ಳಾರಿ ಪಿಜಿ:

ನಾನು ಬಾಯಿ ಮತ್ತು ದವಡೆ ಶಸ್ತ್ರಚಿಕಿತ್ಸೆಯ ಸ್ನಾತಕೋತ್ತರ ವಿದ್ಯಾರ್ಥಿ. ಎರಡು ಪ್ರಶ್ನೆಗಳಿವೆ. ಕೆನ್ನೆಯ ಮಾಸೆಟರ್ ಸ್ನಾಯುವಿನೊಳಗೆ ಗಂಟಿದ್ದರೆ ಅದನ್ನೂ ಕೊಯ್ದು ತೆಗೆಯಬೇಕೇ? ಇನ್ನೊಂದು, ಕುರಿ ಸಾಕುವ ಹಳ್ಳಿಗಳಿಂದ ನಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಕೆಳದವಡೆಯ ಮೂಳೆಯಲ್ಲಿ ಹಲವು ಕೋಣೆಗಳಾಗಿ ಹರಡಿದ ಸಿಸ್ಟ್ (ದ್ರವ ತುಂಬಿದ ಚೀಲ) ಕಂಡಾಗ, ನಾಯಿಯ ಲಾಡಿಹುಳುವಿನಿಂದಾಗುವ ಹೈಡಾಟಿಡ್ ಬಗ್ಗೆ ಎಷ್ಟರಮಟ್ಟಿಗೆ ಯೋಚಿಸಬೇಕು?

ದವಡೆ ಶಸ್ತ್ರವೈದ್ಯ:

ಮೊದಲನೆಯದಕ್ಕೆ ಉತ್ತರ ಸುಲಭ. ಮಾಸೆಟರ್‌ನೊಳಗಿನ ಗಂಟಿಗೆ ಮೊದಲು ಅಲ್ಟ್ರಾಸೌಂಡ್ ಮಾಡಿಸಿ. ಸ್ನಾಯುವಿನ ಎಳೆಗಳ ಉದ್ದಕ್ಕೆ ಮೊಟ್ಟೆಯಾಕಾರದ ಕಪ್ಪು ನೀರಿನ ಜಾಗ, ಅದರೊಳಗೆ ಒಂದು ಬದಿಗೆ ಹೊಳೆಯುವ ಚುಕ್ಕೆ, ಸುತ್ತ ಊತದ ವಲಯ ಇಷ್ಟು ಕಂಡರೆ ಕತ್ತಿ ಎತ್ತುವ ಅವಸರವಿಲ್ಲ. ಮುಖದ ನರದ ಕವಲುಗಳು ಆ ಸ್ನಾಯುವಿನ ಮೇಲೆಯೇ ಹರಿಯುತ್ತವೆ. ಮಿದುಳು ಮತ್ತು ಕಣ್ಣುಗಳು ಸ್ವಚ್ಛವಾಗಿವೆಯೆಂದು ಖಾತ್ರಿಯಾದ ಮೇಲೆ ಅಲ್ಬೆಂಡಜೋಲ್ ಮತ್ತು ಅಲ್ಪಾವಧಿಯ ಸ್ಟೀರಾಯ್ಡ್ ಕೊಟ್ಟು, ಮತ್ತೆ ಅಲ್ಟ್ರಾಸೌಂಡ್ ಮಾಡಿದರೆ ಗಂಟು ಕರಗಿರುವುದು ಸಾಮಾನ್ಯವಾಗಿ ಕಾಣುತ್ತದೆ. ಕೀವಾದರೆ, ಕರಗದಿದ್ದರೆ, ಅಥವಾ ರೋಗನಿರ್ಣಯದಲ್ಲಿಯೇ ಅನುಮಾನವಿದ್ದರೆ ಶಸ್ತ್ರಚಿಕಿತ್ಸೆ. ರಕ್ತದಲ್ಲಿ ಪ್ರತಿಕಾಯ ಹುಡುಕುವ ಎಲೈಸಾ ಪರೀಕ್ಷೆಯನ್ನು ಬಹಳ ನೆಚ್ಚಿಕೊಳ್ಳಬೇಡಿ. ದೇಹದಲ್ಲಿ ಒಂದೇ ಗಂಟಿದ್ದಾಗ ಅದು ಇಲ್ಲವೆಂದು ಬರುವುದುಂಟು. ಹಳೆಯ ರೋಗಿಗಳ ಎಕ್ಸ್‌ರೇಯಲ್ಲಿ ಸ್ನಾಯುಗಳೊಳಗೆ ಅಕ್ಕಿಕಾಳಿನಂಥ ಸುಣ್ಣದ ಗುರುತುಗಳು ಕಂಡರೆ ಅವು ಸತ್ತ ಮರಿಗಳು. ಅವುಗಳಿಗೆ ಮಾತ್ರೆಯಿಂದ ಪ್ರಯೋಜನವಿಲ್ಲ.

ಎರಡನೆಯ ಪ್ರಶ್ನೆಗೆ ನಿಧಾನವಾಗಿ ಉತ್ತರಿಸಬೇಕು. ಹೈಡಾಟಿಡ್ ಸಿಸ್ಟ್ ಉಂಟುಮಾಡುವ ಎಕಿನೋಕಾಕಸ್ ಎಂಬ ಪುಟ್ಟ ಲಾಡಿಹುಳು ನಾಯಿಯ ಕರುಳಿನಲ್ಲಿರುತ್ತದೆ. ನಾಯಿ, ಕುರಿ ಇವೆರಡರ ನಡುವೆ ಸುತ್ತುವ ರೋಗವಿದು. ಮನುಷ್ಯ ನಡುವೆ ಸಿಕ್ಕಿಬೀಳುತ್ತಾನೆ. ಸಿಸ್ಟ್‌ಗಳು ಹೆಚ್ಚಾಗಿ ಯಕೃತ್ತಿನಲ್ಲಿ, ಆಮೇಲೆ ಶ್ವಾಸಕೋಶದಲ್ಲಿ ಬೆಳೆಯುತ್ತವೆ. ತಲೆ ಮತ್ತು ಕುತ್ತಿಗೆಯ ಭಾಗದಲ್ಲಿ ಅಪರೂಪ, ದವಡೆಯ ಮೂಳೆಯಲ್ಲಿ ತೀರ ಅಪರೂಪ. ಆದ್ದರಿಂದ ಬಹುಕೋಣೆಯ ಸಿಸ್ಟ್ ಕಂಡಾಗ ದವಡೆಯ ಗಡ್ಡೆಯಾದ ಅಮೆಲೋಬ್ಲಾಸ್ಟೋಮಾ ಮತ್ತು ದವಡೆಯ ಸಿಸ್ಟ್ ಆದ ಕೆರಟೋಸಿಸ್ಟ್ ನಿಮ್ಮ ಪಟ್ಟಿಯ ಮೇಲ್ತುದಿಯಲ್ಲಿಯೇ ಇರಲಿ. ಆದರೆ ಪಟ್ಟಿಯ ಕೊನೆಯಲ್ಲಾದರೂ ಹೈಡಾಟಿಡ್ ಇರಬೇಕಾದ ಕಾರಣ ನಮ್ಮ ಒಂದು ರೂಢಿ. ದವಡೆಯ ಸಿಸ್ಟ್ ಕಂಡೊಡನೆ ದಪ್ಪ ಸೂಜಿ ಚುಚ್ಚಿ ನೀರೆಳೆದು ನೋಡುವುದು ನಮಗೆ ಎರಡನೆಯ ವರ್ಷದಿಂದಲೇ ಕೈಗೆ ಹತ್ತಿದ ಅಭ್ಯಾಸ. ಒಣಹುಲ್ಲಿನ ಬಣ್ಣದ ನೀರು ಬಂದರೆ ಒಂದು ಅರ್ಥ, ಗಿಣ್ಣದಂಥ ದ್ರವ್ಯ ಬಂದರೆ ಇನ್ನೊಂದು ಅರ್ಥ, ರಕ್ತ ಬಂದರೆ ಕೈ ಹಿಂದಕ್ಕೆ ಎಂದು ಕಲಿತಿದ್ದೇವೆ. ಯಾವ ಬಣ್ಣವೂ ಇಲ್ಲದ ನಿರ್ಮಲವಾದ ನೀರು ಬಂದರೆ ಎಂಬ ಪ್ರಶ್ನೆಯನ್ನು ಯಾರೂ ಅಷ್ಟಾಗಿ ಕೇಳುವುದಿಲ್ಲ. ಹೈಡಾಟಿಡ್‌ನ ನೀರು ಹಾಗಿರುತ್ತದೆ. ಅದು ಅಂಗಾಂಶಕ್ಕೆ ಸೋರಿದರೆ ಎರಡು ಅಪಾಯಗಳಿವೆ. ತಕ್ಷಣದ್ದು ಅನಾಫಿಲಾಕ್ಸಿಸ್, ಅಂದರೆ ರಕ್ತದೊತ್ತಡ ಕುಸಿದು ಉಸಿರು ಕಟ್ಟುವಂಥ ತೀವ್ರ ಅಲರ್ಜಿ. ನಿಧಾನದ್ದು, ಆ ನೀರಿನಲ್ಲಿರುವ ಸೂಕ್ಷ್ಮ ತಲೆಗಳು ಒಂದೊಂದೂ ಹೊಸ ಸಿಸ್ಟ್ ಆಗಿ ವರ್ಷಗಳ ಮೇಲೆ ಮರುಕಳಿಸುವುದು. ಸಿಸ್ಟಿಸರ್ಕಸ್ ಒಡೆದರೆ ಆಗುವುದು ಉರಿಯೂತ ಮಾತ್ರ. ಹೈಡಾಟಿಡ್ ಒಡೆದರೆ ಬಿತ್ತನೆಯಾದಂತೆ.

ಮೂಳೆಯೊಳಗೆ ಇನ್ನೊಂದು ಕಷ್ಟವಿದೆ. ಯಕೃತ್ತಿನಲ್ಲಿ ಸಿಸ್ಟಿನ ಸುತ್ತ ದೇಹವೇ ನಾರಿನ ಗೋಡೆ ಕಟ್ಟುತ್ತದೆ. ಮೂಳೆಯಲ್ಲಿ ಆ ಗೋಡೆ ಕಟ್ಟಿಕೊಳ್ಳುವುದಿಲ್ಲ. ಸಿಸ್ಟು ಮೂಳೆಯ ಸಂದುಗಳೊಳಗೆ ನುಸುಳುತ್ತ, ಬೇರೆ ಬೇರೆ ಕೋಣೆಗಳಾಗಿ ಹರಡುತ್ತದೆ. ಹೀಗಾಗಿ ಕೆರೆದು ತೆಗೆದರೆ ಸಾಲದು, ಮೂಳೆಯ ಆ ಭಾಗವನ್ನೇ ಕತ್ತರಿಸಬೇಕಾಗಿ ಬರಬಹುದು.

ಆದ್ದರಿಂದ ರೋಗಿಗೆ ಕುರಿ, ನಾಯಿಗಳ ಒಡನಾಟವಿದ್ದರೆ, ಈ ಹಿಂದೆ ಹೊಟ್ಟೆಯಲ್ಲಿ ‘ನೀರುಗಡ್ಡೆ’ಗೆ ಆಪರೇಷನ್ ಆಗಿದ್ದರೆ, ಅಥವಾ ಸ್ಕ್ಯಾನಿನಲ್ಲಿ ಸಿಸ್ಟಿನೊಳಗೆ ಮರಿಸಿಸ್ಟುಗಳೋ ಕಳಚಿ ತೇಲುವ ಪೊರೆಯೋ ಕಂಡರೆ, ಸೂಜಿಯನ್ನು ಕೆಳಗಿಡಿ. ಹೊಟ್ಟೆಯ ಅಲ್ಟ್ರಾಸೌಂಡ್, ಎದೆಯ ಎಕ್ಸ್‌ರೇ, ಎಕಿನೋಕಾಕಸ್ ಪ್ರತಿಕಾಯದ ಪರೀಕ್ಷೆ ಮಾಡಿಸಿ. ಆಪರೇಷನ್ನಿಗೆ ಮುಂಚೆಯೂ ಅನಂತರವೂ ಅಲ್ಬೆಂಡಜೋಲ್ ಕೊಡಬೇಕು. ಶಸ್ತ್ರಚಿಕಿತ್ಸೆಯ ವೇಳೆ ಸುತ್ತಲೂ 20 ಶೇಕಡಾ ಉಪ್ಪುನೀರಿನಲ್ಲಿ ನೆನೆಸಿದ ಬಟ್ಟೆಗಳನ್ನು ಹಾಸಿ, ಸಿಸ್ಟನ್ನು ಒಡೆಯದೆ ಹೊರತೆಗೆಯಲು ಯತ್ನಿಸಬೇಕು. ಅರಿವಳಿಕೆ ವೈದ್ಯರಿಗೆ ಮುಂಚಿತವಾಗಿ ತಿಳಿಸಿ, ಅಡ್ರಿನಲಿನ್ ಸಿರಿಂಜಿಗೆ ತುಂಬಿಸಿಟ್ಟುಕೊಂಡಿರಬೇಕು.

ಕುರಿಹಟ್ಟಿ ಪಶುವೈದ್ಯ:

ಇದಕ್ಕೆ ನನ್ನದೊಂದು ಸೇರ್ಪಡೆ. 2019ರ ಜಾನುವಾರು ಗಣತಿಯಂತೆ ಕುರಿಗಳ ಸಂಖ್ಯೆಯಲ್ಲಿ ತೆಲಂಗಾಣ, ಆಂಧ್ರಗಳ ನಂತರದ ಸ್ಥಾನ ಕರ್ನಾಟಕದ್ದು. ಸುಮಾರು 1 ಕೋಟಿ 11 ಲಕ್ಷ. ಹಬ್ಬದ ದಿನ ಕುರಿ ಕೊಯ್ದಾಗ ನೀರುಗುಳ್ಳೆಯಿರುವ ಈಲಿ, ಶ್ವಾಸಕೋಶಗಳನ್ನು ತಿನ್ನಲಾಗದೆಂದು ನಾಯಿಗೆ ಎಸೆಯುತ್ತಾರೆ. ಚಕ್ರ ಪೂರ್ತಿಯಾಗುವುದು ಅಲ್ಲಿಯೇ. ಅವನ್ನು ಸುಡಬೇಕು ಅಥವಾ ನಾಯಿ ಕೆದಕದಷ್ಟು ಆಳಕ್ಕೆ ಹೂಳಬೇಕು. ಹಟ್ಟಿಯ ನಾಯಿಗಳಿಗೆ ನಿಯಮಿತವಾಗಿ ಪ್ರಾಜಿಕ್ವಾಂಟೆಲ್ ಮಾತ್ರೆ ಹಾಕಿಸಬೇಕು.

ಕರಾವಳಿ ದಂತವೈದ್ಯೆ:

ಕೇರಳ ಮತ್ತು ನಮ್ಮ ಕರಾವಳಿಯ ಕಡೆ ಕೆನ್ನೆಯ ಗಂಟಿನೊಳಗೆ ದಾರದಂಥ ಹುಳು ಸಿಕ್ಕರೆ ಅದು ನಾಯಿಗಳ ಡೈರೋಫಿಲೇರಿಯಾ ಆಗಿರುವ ಸಾಧ್ಯತೆ ಹೆಚ್ಚು. ಸೊಳ್ಳೆಯಿಂದ ಬರುತ್ತದೆ, ಕಣ್ಣಿನ ಬಿಳಿಭಾಗದಲ್ಲಿಯೂ ಕಾಣಿಸಿಕೊಳ್ಳುತ್ತದೆ. ತೆಗೆದರೆ ಮುಗಿಯಿತು, ಸಾಮಾನ್ಯವಾಗಿ ಮಾತ್ರೆಯೂ ಬೇಡ. ಮೇಲಿನ ಎರಡು ರೋಗಗಳ ಜೊತೆ ಇದನ್ನು ಕಲಸಬಾರದೆಂದು ಹೇಳುವುದಕ್ಕಾಗಿ ಬರೆದೆ.

ಬಳ್ಳಾರಿ ಪಿಜಿ:

ತುಟಿ, ನಾಲಿಗೆಯ ಗಂಟುಗಳಿಗೆ ಕೊಯ್ಯುವ ಮುನ್ನ ಸಣ್ಣ ಸೂಜಿಯಿಂದ ಕಣಗಳನ್ನೆಳೆದು ನೋಡುವ ಎಫ್‌ಎನ್‌ಎಸಿ ಪರೀಕ್ಷೆ ಮಾಡುವುದು ಒಳ್ಳೆಯದಲ್ಲವೇ, ಮೇಡಂ?

ಸೂಕ್ಷ್ಮದರ್ಶಕ:

ಕುತ್ತಿಗೆ, ಮಾಸೆಟರ್ ಮುಂತಾದ ಆಳದ ಗಂಟುಗಳಲ್ಲಿ ಅದರಿಂದ ಪ್ರಯೋಜನವಿದೆ. ತಿಳಿನೀರು ಬಂದು, ಗಾಜಿನ ಮೇಲೆ ಪೊರೆಯ ಚೂರೋ ಕೊಕ್ಕೆಯೋ ಸಿಕ್ಕರೆ ರೋಗಿ ಕತ್ತಿಯಿಂದ ಪಾರಾಗುತ್ತಾನೆ. ಆದರೆ ಸತ್ತ ಮರಿಯಿದ್ದಾಗ ನಮಗೆ ಸಿಗುವುದು ಇಯೋಸಿನೋಫಿಲ್‌ಗಳು ಮತ್ತು ಕೀವಿನಂಥ ದ್ರವ್ಯ ಮಾತ್ರ. ಆಗ ‘ಪರೋಪಜೀವಿ ಇರಬಹುದು, ಅಲ್ಟ್ರಾಸೌಂಡ್‌ನೊಂದಿಗೆ ಹೋಲಿಸಿ’ ಎಂದು ಬರೆಯುತ್ತೇವೆ. ತುಟಿಯ ಅಂಗೈಯಗಲವಿಲ್ಲದ ಜಾಗದಲ್ಲಿ ಗಂಟನ್ನು ಇಡಿಯಾಗಿ ತೆಗೆಯುವುದೇ ಸೂಜಿ ಚುಚ್ಚುವಷ್ಟು ಸುಲಭವಾಗಿರುವುದರಿಂದ ಅಲ್ಲಿ ಎಫ್‌ಎನ್‌ಎಸಿಯ ಅಗತ್ಯ ನನಗೆ ಕಾಣುವುದಿಲ್ಲ. ಒಂದು ಕೋರಿಕೆ: ತೆಗೆಯುವಾಗ ಗಂಟು ಒಡೆದು ಬಿಳಿಯ ಪೊರೆ ಹೊರಗೆ ಜಿಗಿದರೆ ಅದನ್ನು ಹತ್ತಿಯಲ್ಲಿ ಒರೆಸಿ ಎಸೆಯಬೇಡಿ, ಫಾರ್ಮಲಿನ್ ಶೀಶೆಗೆ ಹಾಕಿ ಕಳುಹಿಸಿ. ಬಹಳ ಸಲ ಹುಳು ಇರುವುದು ಅದರಲ್ಲೇ. ನಮ್ಮ ಕೈಗೆ ಬರುವುದು ಬರೀ ಕೋಶ.

ಹಾಸನದ ತಾಯಿ:

ಎಲ್ಲರಿಗೂ ಧನ್ಯವಾದ. ಕಣ್ಣಿನ ಪರೀಕ್ಷೆ ಆಯಿತು, ತೊಂದರೆಯಿಲ್ಲ. ಎಂಆರ್‌ಐಯಲ್ಲಿಯೂ ಏನೂ ಕಂಡಿಲ್ಲ. ಸದ್ಯಕ್ಕೆ ಮಾತ್ರೆ ಬೇಡ, ಹೊಸ ಗಂಟು ಅಥವಾ ಮೂರ್ಛೆ ಕಾಣಿಸಿದರೆ ಕೂಡಲೇ ಬನ್ನಿ ಎಂದು ತಜ್ಞರು ಹೇಳಿದ್ದಾರೆ. ಮನೆಯವರೆಲ್ಲರ ಮಲಪರೀಕ್ಷೆಗೆ ಡಬ್ಬಿಗಳನ್ನು ತಂದಿದ್ದೇವೆ. ಮಾವನವರು ಮೊದಲು ಗೊಣಗಿದರೂ ಒಪ್ಪಿದ್ದಾರೆ. ಮಲಪರೀಕ್ಷೆಯಲ್ಲಿ ಯಾರಲ್ಲಾದರೂ ಮೊಟ್ಟೆ ಸಿಕ್ಕರೆ ಅವರಿಗೆ ಯಾವ ಔಷಧ? ಮುಂದೆ ಬೇರೆ ಊರಿಗೆ ವರ್ಗವಾದರೆ ಅಲ್ಲಿನ ವೈದ್ಯರಿಗೆ ಏನೇನು ತೋರಿಸಬೇಕು?

ನರರೋಗ ವೈದ್ಯೆ:

ಕರುಳಿನ ಲಾಡಿಹುಳುವಿಗೆ ನಿಕ್ಲೋಸಮೈಡ್ ಅಥವಾ ಪ್ರಾಜಿಕ್ವಾಂಟೆಲ್, ಎರಡೂ ಒಂದೇ ಬಾರಿಯ ಡೋಸ್. ನಿಕ್ಲೋಸಮೈಡ್ ಕರುಳಿನಿಂದ ರಕ್ತಕ್ಕೆ ಹೀರಿಕೊಳ್ಳುವುದಿಲ್ಲ. ಪ್ರಾಜಿಕ್ವಾಂಟೆಲ್ ರಕ್ತಕ್ಕೆ ಸೇರಿ ಮಿದುಳಿನವರೆಗೂ ತಲುಪುತ್ತದೆ, ಅಲ್ಲಿ ಮರಿಯಿದ್ದರೆ ಅದನ್ನೂ ಸಾಯಿಸಬಹುದು. ಆದ್ದರಿಂದ ಮೊಟ್ಟೆ ಸಿಕ್ಕವರಿಗೆ ಎಂದಾದರೂ ಮೂರ್ಛೆ ಬಂದಿದ್ದರೆ ಅಥವಾ ಬಿಡದ ತಲೆನೋವಿದ್ದರೆ ಅದನ್ನು ಮೊದಲೇ ವೈದ್ಯರಿಗೆ ಹೇಳಲಿ.

ಸೂಕ್ಷ್ಮದರ್ಶಕ:

ವರದಿಯ ಪ್ರತಿ, ಎಂಆರ್‌ಐಯ ಚಿತ್ರಗಳಿರುವ ಸಿಡಿ ಮತ್ತು ಕಣ್ಣಿನ ಪರೀಕ್ಷೆಯ ಚೀಟಿ ಇವಿಷ್ಟನ್ನು ಜೋಪಾನವಾಗಿಡಿ. ಗಂಟಿನ ಉಳಿದ ಭಾಗ ಮೇಣದ ಬ್ಲಾಕಿನಲ್ಲಿ ಪ್ರಯೋಗಾಲಯದಲ್ಲಿಯೇ ಇರುತ್ತದೆ. ಊರು ಬಿಡುವ ಮುನ್ನ ವರದಿಯ ಮೇಲಿರುವ ಬಯಾಪ್ಸಿ ಸಂಖ್ಯೆಯನ್ನು ತಿಳಿಸಿ, ಲಿಖಿತವಾಗಿ ಕೋರಿದರೆ ಬ್ಲಾಕನ್ನೋ ಒಂದು ಹೆಚ್ಚುವರಿ ಗಾಜನ್ನೋ ಕೊಡುತ್ತಾರೆ.